ಮೂರು ಲಕ್ಷ ಕಿಲೋಮೀಟರ್: ಕೆಂಟ್ ಟಿಪ್ಪಣಿಗಳು

1
ವಾಷಿಂಗ್ಟನ್ ರಾಜ್ಯದ ಕೆಂಟ್‌ನಲ್ಲಿ ನಮ್ಮ ಪಕ್ಕದ ಮನೆಯವರು ದಾವಣಗೆರೆ ಕಡೆಯವರು. ಗಾಡಿ 2003ರ ಬಿಎಂಡಬ್ಲ್ಯು ಎಂ3. ಓಡಿರುವುದು 1,87,000 ಮೈಲಿ, ಅಂದರೆ ಸುಮಾರು ಮೂರು ಲಕ್ಷ ಕಿ.ಮೀ. ಆರು ಸಿಲಿಂಡರ್. 8,000 ಆರ್‌ಪಿಎಂವರೆಗೆ ತಿರುಗುವ ಎಂಜಿನ್.

2
ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಆರ್‌ಪಿಎಂ ಮೀಟರಿನ ಅಂಚಿನಲ್ಲಿ ಕಿತ್ತಳೆ ದೀಪಗಳ ಸಾಲು. ಆಯಿಲ್ ಕಾದಂತೆ ಒಂದೊಂದೇ ಆರುತ್ತವೆ. ಅಲ್ಲಿಯವರೆಗೆ ಅವರು ಮೆಲ್ಲಗೇ ಓಡಿಸುತ್ತಾರೆ. ಕೂಲಂಟ್ ಮುಳ್ಳು ಮೊದಲೇ ನಡುವಿಗೆ ಬಂದು ನಿಂತಿರುತ್ತದೆ. ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

3
ಆಯಿಲ್ ಬದಲಿಸಿದಾಗಲೆಲ್ಲ ಹಳೆಯದನ್ನು ಸಣ್ಣ ಬಾಟಲಿಯಲ್ಲಿ ಹಿಡಿದು ಲ್ಯಾಬಿಗೆ ಅಂಚೆಯಲ್ಲಿ ಕಳಿಸುತ್ತಾರೆ. ಕಬ್ಬಿಣ, ಸೀಸ, ತಾಮ್ರ ಎಷ್ಟಿದೆ ಎಂದು ಉತ್ತರ ಬರುತ್ತದೆ, ಹತ್ತು ಲಕ್ಷಕ್ಕೆ ಇಷ್ಟು ಭಾಗ ಎಂಬ ಲೆಕ್ಕದಲ್ಲಿ. ಸೀಸ, ತಾಮ್ರ ಸಲದಿಂದ ಸಲಕ್ಕೆ ಏರುತ್ತಿದ್ದರೆ ಕ್ರ್ಯಾಂಕಿನ ಬೇರಿಂಗ್ ಸವೆಯುತ್ತಿರಬಹುದು. ಒಂದು ಚೀಟಿಯಿಂದ ಏನೂ ತಿಳಿಯದು. ಎಂಟು ಹತ್ತು ಚೀಟಿ ಸಾಲಾಗಿ ಇಟ್ಟು ನೋಡಬೇಕು.

“ಕಿವಿ ಮೋಸ ಮಾಡುತ್ತೆ ಸಾರ್. ಶಬ್ದ ಬರೋ ಹೊತ್ತಿಗೆ ತಡವಾಗಿರುತ್ತೆ.”

4
ವಾಲ್ವ್ ಕ್ಲಿಯರೆನ್ಸ್ ನೋಡಿದ ದಿನ. ಎಂಜಿನ್ ತಣ್ಣಗಿರಬೇಕು, ಹಿಂದಿನ ರಾತ್ರಿಯಿಂದ ಕೀಲಿ ಮುಟ್ಟಿಲ್ಲ. ಮೇಲಿನ ಕವರ್ ಬಿಚ್ಚಿದರು. 24 ವಾಲ್ವ್. ಗಾಳಿ ಎಳೆಯುವ ವಾಲ್ವಿಗೆ ಸಂದು 0.18ರಿಂದ 0.23 ಮಿ.ಮೀ., ಹೊಗೆ ಬಿಡುವುದಕ್ಕೆ 0.28ರಿಂದ 0.33. ಫೀಲರ್ ಗೇಜಿನ ಎಲೆ ತೂರಿಸಿ ಎಳೆಯುವಾಗ ಪ್ರತಿ ಸಲವೂ ಕಣ್ಣು ಮುಚ್ಚಿದರು.

5
ಎದುರು ಮನೆಯ ಅಜ್ಜಿಯ ಕಾರು 40,000 ಮೈಲಿಯೂ ಓಡಿಲ್ಲ. ಅಂಗಡಿಗೆ, ಚರ್ಚಿಗೆ, ಮನೆಗೆ. ನವೆಂಬರಿನ ಮಳೆಯಲ್ಲಿ ಪಕ್ಕದ ಮನೆಯವರು ಅದರ ಆಯಿಲ್ ಮುಚ್ಚಳ ತೆಗೆದು ತೋರಿಸಿದರು. ಒಳಗೆ ಮಜ್ಜಿಗೆ ಬಣ್ಣದ ಲೋಳೆ. ಎಂಜಿನ್ ಪೂರ್ತಿ ಕಾಯುವಷ್ಟು ದೂರ ಹೋಗದೆ ತೇವ ಒಳಗೇ ಉಳಿದಿದೆ.

6
ಅಜ್ಜಿಯ ಕಾರಿಗೆ ತದ್ವಿರುದ್ಧ: ಇರ್ವ್ ಗಾರ್ಡನ್, ನ್ಯೂಯಾರ್ಕಿನ ಲಾಂಗ್ ಐಲೆಂಡಿನ ಮೇಷ್ಟ್ರು. 1966ರಲ್ಲಿ ಕೊಂಡ ಕೆಂಪು ವೋಲ್ವೋ. 2013ರಲ್ಲಿ 30 ಲಕ್ಷ ಮೈಲಿ. ಶಾಲೆಗೆ ಹೋಗಿಬರಲು ದಿನಕ್ಕೆ ನೂರು ಮೈಲಿಗೂ ಹೆಚ್ಚು.

7
ಪೆಸಿಫಿಕ್ ರೇಸ್‌ವೇಸ್ ಎಂಬ ರೇಸ್ ಮೈದಾನ ಇಲ್ಲೇ ಕೆಂಟ್‌ನಲ್ಲಿ, 1960ರಿಂದ. ಡ್ರ್ಯಾಗ್ ರೇಸಿನ ಟಾಪ್ ಫ್ಯೂಯೆಲ್ ಗಾಡಿ 1,000 ಅಡಿ ಓಡುತ್ತದೆ. ನಾಲ್ಕು ಸೆಕೆಂಡೂ ಬೇಡ. ಓಟ ಮುಗಿದ ಕೂಡಲೇ ಎಂಜಿನ್ ಬಿಚ್ಚುತ್ತಾರೆ. ಮುಂದಿನ ಓಟಕ್ಕೆ ಮತ್ತೆ ಜೋಡಣೆ.

8
ಚಂದ್ರನ ಮೇಲೆ ಓಡಿದ ರೋವರ್‌ಗಳನ್ನು ಬೋಯಿಂಗ್ ಕಟ್ಟಿದ್ದೂ ಕೆಂಟ್‌ನಲ್ಲೇ. ಚಕ್ರಕ್ಕೊಂದು ವಿದ್ಯುತ್ ಮೋಟಾರು. ಅಪೊಲೊ 17ರದು 1972ರ ಡಿಸೆಂಬರಿನಲ್ಲಿ ಸುಮಾರು 36 ಕಿ.ಮೀ. ಓಡಿತು. ಮುರಿದ ಮಡ್‌ಗಾರ್ಡಿಗೆ ನಕಾಶೆಯ ಹಾಳೆಗಳನ್ನೂ ಟೇಪನ್ನೂ ಸೇರಿಸಿ ಕಟ್ಟಿದ್ದರು. ಅದೇ ಅದರ ರಿಪೇರಿ.

9
2020ರಿಂದ ವಾಷಿಂಗ್ಟನ್ ರಾಜ್ಯದಲ್ಲಿ ಕಾರುಗಳ ಹೊಗೆ ತಪಾಸಣೆ ಇಲ್ಲ. ಆದರೂ ಪಕ್ಕದ ಮನೆಯವರು ಭಾನುವಾರ ಸೈಲೆನ್ಸರ್ ಬಾಯಿಗೆ ಬಿಳಿ ಕರವಸ್ತ್ರ ಹಿಡಿದು, ಬೆಳಕಿಗೆ ತಂದು ನೋಡುತ್ತಾರೆ.