ಒಂದು ರುಜುವಿನ ವಿಚಾರ

ಕುಲಶೇಖರದಲ್ಲಿ ನಮ್ಮ ಮನೆಯ ಜಗಲಿಯ ಮೇಲೆ ಕುಳಿತರೆ, ಆಷಾಢದ ಮುಗಿಲು ಕಡಲ ಕಡೆಯಿಂದ ಏರಿಬರುವುದು ಕಾಣುತ್ತದೆ. ಕೊರ್ಡೆಲ್ ಇಗರ್ಜಿಯ ಗಂಟೆಯ ನಾದವೂ ರೈಲುಬಂಡಿಯ ಸದ್ದೂ ಮಳೆಯ ಮೊರೆತದಲ್ಲಿ ಅಡಗಿಹೋಗುವ ಇಂಥ ಸಂಜೆಗಳಲ್ಲಿ ಎರಡು ಸಂಗತಿಗಳು ನನಗೆ ಒಟ್ಟಾಗಿಯೇ ನೆನಪಿಗೆ ಬರುವುವು. ಒಂದು, ನಾನು ಹಿಂದೆ ಹಾಕಿದ ಒಂದು ರುಜು. ಇನ್ನೊಂದು, ರೊದ್ದಂ ನರಸಿಂಹರೆಂಬ ಮಹನೀಯರ ಜೀವನ. ಮೊದಲನೆಯದನ್ನು ಹೇಳಲು ನಾಚಿಕೆಯಾಗುವುದರಿಂದ ಎರಡನೆಯದರಿಂದಲೇ ಆರಂಭಿಸುವೆನು.

ನರಸಿಂಹರು 1933ರಲ್ಲಿ ಜನಿಸಿದರು. ಅವರ ತಂದೆ ಆರ್. ಎಲ್. ನರಸಿಂಹಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತಿದ್ದವರು; ವಿಜ್ಞಾನವನ್ನು ಕನ್ನಡದಲ್ಲಿ ಬರೆದ ಹಿರಿಯರು. ಮಗ ಇಂಜಿನಿಯರಿಂಗ್ ಪದವಿಯನ್ನು ಪಡೆದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿ, ಸತೀಶ ಧವನರ ಶಿಷ್ಯರಾದರು. ದೇವರ ಮುಂದಿನ ಊದುಬತ್ತಿಯ ಹೊಗೆ ಮೊದಲು ನೂಲಿನಂತೆ ನೆಟ್ಟಗೆ ಏರಿ, ಆಮೇಲೆ ಥಟ್ಟನೆ ಸುಳಿಸುಳಿಯಾಗಿ ಚದರುವುದನ್ನು ವಾಚಕರೆಲ್ಲರೂ ಕಂಡಿರುವರು. ವಿಮಾನದ ರೆಕ್ಕೆಯನ್ನು ಸವರಿಕೊಂಡು ಹೋಗುವ ಗಾಳಿಯ ತೆಳುವಾದ ಪದರವೂ ಹೀಗೆಯೇ ಕದಡುತ್ತದೆ. ಆ ಸ್ಥಿತ್ಯಂತರದ ಬಗೆಯನ್ನು ಕುರಿತು ಗುರುಶಿಷ್ಯರು 1958ರಲ್ಲಿ ಪ್ರಕಟಿಸಿದ ಲೇಖನವು ಇಂದಿಗೂ ಆ ಶಾಸ್ತ್ರದವರಿಗೆ ಆಧಾರವಾಗಿದೆ. ಅಮೆರಿಕದ ಕ್ಯಾಲ್ಟೆಕ್ ಸಂಸ್ಥೆಯಲ್ಲಿ 1961ರಲ್ಲಿ ಡಾಕ್ಟರ್ ಪದವಿಯನ್ನು ಗಳಿಸಿದ ಮೇಲೆ ಅವರು ಅಲ್ಲಿ ನೆಲೆಸದೆ, ತಮ್ಮ ಸಂಸ್ಥೆಗೇ ಅಧ್ಯಾಪಕರಾಗಿ ಮರಳಿದರು.

ಅಧಿಕಾರವು ತಾನಾಗಿ ಬಂದಿತು. 1984ರಿಂದ 1993ರ ವರೆಗೆ ಅವರು ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ ನಿರ್ದೇಶಕರಾಗಿದ್ದರು. ಹಲವು ಗಣಕಗಳು ಒಂದೇ ಲೆಕ್ಕವನ್ನು ಹಂಚಿಕೊಂಡು ಮಾಡುವ 'ಫ್ಲೋಸಾಲ್ವರ್' ಎಂಬ ಯಂತ್ರವು 1986ರಲ್ಲಿ ಅಲ್ಲಿಯೇ ರೂಪುಗೊಂಡಿತು. ಬಳಿಕ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ನಿರ್ದೇಶಕತ್ವ, ಪ್ರಧಾನಮಂತ್ರಿಗಳ ವಿಜ್ಞಾನ ಸಲಹಾ ಮಂಡಳಿ, ಬಾಹ್ಯಾಕಾಶ ಆಯೋಗ ಎಂದು ಹೊಣೆಗಳು ಒಂದರ ಮೇಲೊಂದು ಬಂದುವು. ಇಷ್ಟು ಕುರ್ಚಿಗಳನ್ನೇರಿದವರು ಸಾಮಾನ್ಯವಾಗಿ ಪ್ರಯೋಗದ ಮೇಜನ್ನು ಮರೆಯುವುದುಂಟು. ಇವರಾದರೋ ಇಳಿವಯಸ್ಸಿನಲ್ಲಿಯೂ ನೀರಿನ ತೊಟ್ಟಿಯೊಳಗೆ ಬುಗ್ಗೆಯನ್ನೆಬ್ಬಿಸಿ, ಅದನ್ನು ನಡುದಾರಿಯಲ್ಲಿ ವಿದ್ಯುತ್ತಿನಿಂದ ಕಾಯಿಸಿ, ಮುಗಿಲು ಬೆಳೆಯುವ ಬಗೆಯನ್ನು ಸಂಗಡಿಗರೊಡನೆ ಪರೀಕ್ಷಿಸುತ್ತಿದ್ದರು. ಆವಿಯು ಹನಿಯಾಗುವಾಗ ಹೊರಬೀಳುವ ಕಾವೇ ಮೋಡಕ್ಕೆ ಅದರ ಆಕಾರವನ್ನು ಕೊಡುತ್ತದೆಂಬುದು ಆ ತೊಟ್ಟಿಯಲ್ಲಿ ಕಣ್ಣಿಗೆ ಕಾಣಿಸಿತು.

2012ರಲ್ಲಿ, ಆಂಟ್ರಿಕ್ಸ್–ದೇವಾಸ್ ಒಪ್ಪಂದದ ಪ್ರಕರಣದಲ್ಲಿ ಹಿರಿಯ ವಿಜ್ಞಾನಿಗಳನ್ನು ಸರಕಾರವು ನಡೆಸಿಕೊಂಡ ರೀತಿ ಅವರಿಗೆ ಒಪ್ಪಿಗೆಯಾಗಲಿಲ್ಲ. ಬಹುಕಾಲದಿಂದ ಸದಸ್ಯರಾಗಿದ್ದ ಬಾಹ್ಯಾಕಾಶ ಆಯೋಗಕ್ಕೆ ಅವರು ರಾಜೀನಾಮೆಯನ್ನಿತ್ತರು. ಆಗ ಅವರಿಗೆ ಎಪ್ಪತ್ತೆಂಟು ವರ್ಷ. ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ದಿನ ನನಗೆ ಊಟ ಸೇರಲಿಲ್ಲ.

ಕಾರಣವನ್ನು ಈಗ ಹೇಳಲೇಬೇಕು. ನಾನೂ ಇಂಜಿನಿಯರಿಂಗ್ ಅಧ್ಯಾಪಕನಾಗಿದ್ದವನು. ಆ ಸುದ್ದಿ ಬರುವುದಕ್ಕೆ ಕೆಲವು ವರ್ಷಗಳ ಹಿಂದೆ, ಒಂದು ಗುಡ್ಡವನ್ನು ಕಡಿದು ರಸ್ತೆಯನ್ನು ಅಗಲಿಸುವ ವಿಷಯದಲ್ಲಿ ನೇಮಕವಾದ ಸಮಿತಿಯಲ್ಲಿ ನನಗೂ ಒಂದು ಸ್ಥಾನವಿದ್ದಿತು. ನಮ್ಮ ಗುಡ್ಡಗಳ ಗುಣ ಮಕ್ಕಳಿಗೂ ತಿಳಿದುದೇ: ಮೇಲೆ ಮುರಕಲ್ಲು, ಕೆಳಗೆ ಶೇಡಿಮಣ್ಣು. ಮುರಕಲ್ಲು ನೀರನ್ನು ಕೆಳಕ್ಕೆ ಬಿಡುತ್ತದೆ. ಶೇಡಿಮಣ್ಣು ನೀರು ಕುಡಿದು ಬೆಣ್ಣೆಯಂತಾಗುತ್ತದೆ. ಅಷ್ಟು ಕಡಿದಾಗಿ ಕಡಿಯಬಾರದೆಂದು ನಾನು ಮೆಲ್ಲನೆ ಹೇಳಿದೆನು. "ಎಲ್ಲರೂ ಒಪ್ಪಿದ್ದಾರೆ" ಎಂದು ಹಿರಿಯರೊಬ್ಬರು ಕಾಗದವನ್ನು ನನ್ನ ಮುಂದೆ ಸರಿಸಿದರು. ನಾನು ರುಜು ಹಾಕಿದೆನು.

ಎರಡನೆಯ ಮಳೆಗಾಲದಲ್ಲಿ ಗುಡ್ಡ ಜರಿಯಿತು. ಜೀವಹಾನಿಯಾಗಲಿಲ್ಲ, ಒಂದು ಮನೆಯ ಅಡಿಗೆಕೋಣೆಯೂ ಬಾವಿಯೂ ಮಣ್ಣುಪಾಲಾದುವು. ನೋಡಹೋದಾಗ ಆ ಮನೆಯ ವೃದ್ಧೆ, "ಮಾಸ್ತರೇ, ಆ ದಿನ ನೀವೂ ಬಂದು ನೋಡಿ ಹೋಗಿದ್ದಿರಲ್ಲವೇ?" ಎಂದಳು. ಆ ಮಾತಿನಲ್ಲಿ ಆಕ್ಷೇಪಣೆ ಇರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ನೋಯುತ್ತಿರಲಿಲ್ಲ.

ನರಸಿಂಹರ ಪಾಂಡಿತ್ಯ ನನಗೆಲ್ಲಿಯದು? ಅದು ಬರಲಿಲ್ಲವೆಂಬ ವ್ಯಥೆ ನನಗಿಲ್ಲ. ಆದರೆ ತಿಳಿದುದನ್ನು ತಿಳಿದೆನೆಂದು ಹೇಳಿ, ಬೇಕಾದರೆ ಕುರ್ಚಿಯಿಂದ ಏಳುವುದಕ್ಕೆ ದೊಡ್ಡ ಪಾಂಡಿತ್ಯವೇನೂ ಬೇಡ. ಸರಕಾರಕ್ಕೆ ಸಲಹೆ ಹೇಳುವವನ ಮಾತಿಗೆ ತೂಕ ಬರುವುದು, ಆ ಸ್ಥಾನವಿಲ್ಲದೆಯೂ ಅವನಿಗೆ ಮಾಡಲು ಕೆಲಸವಿದ್ದಾಗ. ತೊಟ್ಟಿಯೂ ಮುಗಿಲೂ ಕಾಯುತ್ತಿರುವವನಿಗೆ ಆಯೋಗವನ್ನು ಬಿಡುವುದು ಕಷ್ಟವಾಗಲಾರದು. ನನಗಾದರೋ ಸಮಿತಿಯ ಕುರ್ಚಿಯೇ ದೊಡ್ಡದಾಗಿ ಕಂಡಿತ್ತು.

ನರಸಿಂಹರು 2020ರ ಡಿಸೆಂಬರಿನಲ್ಲಿ ದಿವಂಗತರಾದರು. ಆಮೇಲೆ ಇನ್ನೊಂದು ಗುಡ್ಡದ ವಿಚಾರಕ್ಕೆ ನನ್ನನ್ನು ಕರೆದರು. ಈ ಸಲ ರುಜು ಹಾಕದೆ, ನನ್ನ ಭಿನ್ನಾಭಿಪ್ರಾಯವನ್ನು ಒಂದು ಪುಟದಲ್ಲಿ ಬರೆದುಕೊಟ್ಟು ಬಂದೆನು. ಅದರಿಂದ ಆ ವೃದ್ಧೆಯ ಬಾವಿಗೆ ಏನೂ ಆಗುವಂತಿಲ್ಲ. ಮಣ್ಣು ತೆಗೆಸಿ ವರುಷಗಳಾದರೂ, ಮಳೆಗಾಲ ಬಂದರೆ ಅದರ ನೀರು ಇನ್ನೂ ಕದಡುತ್ತದೆಯಂತೆ.