ಯಾವ ಪುಸ್ತಕ ತರಿಸಲಿ?

ಹೊಲಿಗೆಯಿಂದ ಕೂಡಿಟ್ಟ ಹಣ ಸಾಸಿವೆ ಡಬ್ಬಿಯಲ್ಲಿತ್ತು. ಮಿಕ್ಸಿ ರಿಪೇರಿಗೆಂದು ಇಟ್ಟದ್ದು. ಅಷ್ಟರಲ್ಲಿ ಎಂಟನೆಯ ತರಗತಿಯ ಮಗಳು ಚದುರಂಗದ ಓಪನಿಂಗ್ ಪುಸ್ತಕ ಬೇಕೆಂದು ಹಟ ಹಿಡಿದಳು. "ಆಟದ ಪುಸ್ತಕಕ್ಕ ಇಷ್ಟು ರೊಕ್ಕ ಏನು?" ಎಂದರು ನಮ್ಮವರು. ನನಗೂ ಹಾಗೇ ಅನ್ನಿಸಿತ್ತು, ಸುಳ್ಳೇಕೆ ಹೇಳಲಿ?

ನಮ್ಮ ಶಹಾಪುರದಲ್ಲಿ ಇಂಥ ಪುಸ್ತಕ ಕೈಯಲ್ಲಿ ಹಿಡಿದು ನೋಡಿ ಆರಿಸುವುದೆಲ್ಲಿ ಬಂತು? ಬೆಂಗಳೂರಿನ ತಮ್ಮ ಎರಡು ಬಗೆ ಹೇಳಿದ. ಒಂದು, 1974ರಿಂದ ಬೆಲ್‌ಗ್ರೇಡಿನಲ್ಲಿ ಹೊರಬಂದ 'ಎನ್‌ಸೈಕ್ಲೋಪೀಡಿಯಾ ಆಫ್ ಚೆಸ್ ಓಪನಿಂಗ್ಸ್'. 'ಎ'ಯಿಂದ 'ಇ'ವರೆಗೆ ಐದು ಸಂಪುಟ, 500 ವಿಭಾಗ. ಮಾತಿನ ಬದಲು ಎಲ್ಲ ಚಿಹ್ನೆಗಳೇ; ಯಾವ ಭಾಷೆಯವರೂ ಓದಬಹುದು. ಇನ್ನೊಂದು, ಎವ್ರಿಮ್ಯಾನ್ ಪ್ರಕಾಶನದ 'ಮೂವ್ ಬೈ ಮೂವ್' ಮಾಲೆ. ಗುರುಶಿಷ್ಯರು ಎದುರುಬದುರು ಕೂತಂತೆ ಪ್ರಶ್ನೆ, ಉತ್ತರ. ಆದರೆ ಎಲ್ಲ ಇಂಗ್ಲಿಷ್.

ಮಗಳದು ಕನ್ನಡ ಶಾಲೆ. ನಾನೋ ಇಂಗ್ಲಿಷಿನಲ್ಲಿ ನಪಾಸಾಗಿ ಹತ್ತಕ್ಕೇ ಓದು ಬಿಟ್ಟವಳು. ಚಿಹ್ನೆಯ ಪುಸ್ತಕವೇ ಸಾಕೆಂದು 'ಸಿ' ಸಂಪುಟದ ಹಳೆಯ ಪ್ರತಿ ತರಿಸಿದೆ. ಹುಡುಗಿ ಮಗ್ಗಿಯಂತೆ ಬಾಯಿಪಾಠ ಮಾಡಿದಳು.

ಯಾದಗಿರಿಯಲ್ಲಿ ಪಂದ್ಯವಿತ್ತು. ಸೋತಳು. ಬಸ್ಸಿನಲ್ಲಿ ಬಹಳ ಹೊತ್ತು ಮಾತಿಲ್ಲ. ಕೊನೆಗೆ, "ಅವ್ವಾ, ಆಕಿ ಪುಸ್ತಕದಾಗ ಇಲ್ಲದ ನಡಿ ಆಡಿದಳು. ಮುಂದ ನನಗ ಏನೂ ತಿಳೀಲಿಲ್ಲ" ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಸುರಪುರದ ಅಕ್ಕನಿಗೆ ಇದನ್ನೆಲ್ಲ ಹೇಳಿದೆ. ಅವಳಿಗೆ ಚದುರಂಗ ಗೊತ್ತಿಲ್ಲ. "ಜ್ವಾಳದ ಹಿಟ್ಟಿಗೆ ಕುದಿಯೋ ನೀರು ಯಾಕ ಹಾಕ್ತೀವಿ? ಗೋಧಿಯಂಗ ಅದಕ್ಕ ಜಿಗಿ ಇಲ್ಲ, ಅದಕ್ಕ. ಅಷ್ಟು ತಿಳಿದಾಕಿ ಹಿಟ್ಟು ಹಳೇದಿದ್ರೂ ರೊಟ್ಟಿ ಬಡೀತಾಳ. ಬರೇ ಅಳತಿ ಕಲಿತಾಕಿ ಕೈ ಬಿಡ್ತಾಳ" ಎಂದಳು.

ಉಳಿದ ಹಣದಲ್ಲಿ 'ಮೂವ್ ಬೈ ಮೂವ್' ಮಾಲೆಯ ರೂಯಿ ಲೋಪೆಜ್ ಪುಸ್ತಕ ಬಂತು. 1561ರಲ್ಲೇ ಚದುರಂಗದ ಪುಸ್ತಕ ಬರೆದ ಸ್ಪೇನಿನ ಪಾದ್ರಿಯ ಹೆಸರಿನ ಓಪನಿಂಗ್ ಅದು. ರಾತ್ರಿ ಪಾತ್ರೆ ತೊಳೆದ ಮೇಲೆ ನಿಘಂಟು ಹಿಡಿದು ಇಬ್ಬರೂ ಕೂರುತ್ತೇವೆ. ದಿನಕ್ಕೆ ಒಂದೇ ಪುಟ. ಉತ್ತರವನ್ನು ಕೈಯಿಂದ ಮುಚ್ಚಿ ನಾನು ಕೇಳುತ್ತೇನೆ: "ಒಂಟಿ ಆ ಕುದುರಿ ಮ್ಯಾಲೆ ಯಾಕ ಕಣ್ಣಿಟ್ಟದವಾ?" "ಆ ಕುದುರಿ ನಡುವಿನ ಕಾಲಾಳನ್ನ ಕಾಯಾಕತ್ತದಲ್ಲವ್ವಾ!"

ಮೊನ್ನೆಯೂ ಒಂದು ಆಟ ಸೋತಳು. ಆದರೆ ಎಲ್ಲಿ ತಪ್ಪಿದೆನೆಂದು ತಾನೇ ಮಣೆ ಹಾಸಿ ತೋರಿಸಿದಳು. ಹಳೆಯ ಸಂಪುಟವೂ ದಂಡವಾಗಲಿಲ್ಲ. ಕಾರಣ ತಿಳಿದ ಮೇಲೆ ಈಗ ಅದರಲ್ಲಿ ಹುಡುಕುತ್ತಾಳೆ.

ಸೋದರಿಯರೇ, ನಿಮ್ಮ ಮಕ್ಕಳೂ ಕೇಳಿದರೆ ಮೊದಲು 'ಏಕೆ' ಎಂದು ಹೇಳುವ ಪುಸ್ತಕವನ್ನೇ ಕೊಡಿಸಿ, ಒಂದೇ ಸಾಕು. ಇಂಗ್ಲಿಷಿಗೆ ಹೆದರಬೇಡಿ. ಮಿಕ್ಸಿ ಇನ್ನೂ ಕೆಟ್ಟೇ ಇದೆ, ಚಟ್ನಿ ಒರಳಿನಲ್ಲಿ. ನಪಾಸಾದ ನಾನು ಮಾತ್ರ 42ನೆಯ ಪುಟಕ್ಕೆ ಬಂದಿದ್ದೇನೆ.