ಕುಮುಳಿ ಘಾಟಿಯೂ ಒಂದು ಕಾಯಿಲೂ

ದಿಂಡಿಗಲ್ಲಿನಿಂದ ತೇನಿಯ ಮಾರ್ಗವಾಗಿ ಕಂಬಂ ಕಣಿವೆಗೆ ನಾವು ಹೊರಟದ್ದು ತಾತನವರ 1936ರ ಫೋರ್ಡ್ ವಿ-8 ಗಾಡಿಯಲ್ಲಿ. ದ್ರಾಕ್ಷಿ ಚಪ್ಪರ, ಬಾಳೆ, ತೆಂಗುಗಳನ್ನು ನೋಡುತ್ತ ಚಿನ್ನಮನೂರು, ಉತ್ತಮಪಾಳಯಂ, ಕಂಬಂ, ಗೂಡಲೂರುಗಳನ್ನು ದಾಟಿದೆವು. 1895ರಲ್ಲಿ ಮುಗಿದ ಪೆರಿಯಾರ್ ಅಣೆಕಟ್ಟಿನಿಂದ ಸುರಂಗದ ಮೂಲಕ ಬರುವ ನೀರು ಈ ಹಸುರನ್ನು ಪೋಷಿಸುತ್ತಿದೆ. ಲೋವರ್ ಕ್ಯಾಂಪ್ ಕಳೆದು ಕುಮುಳಿ ಘಾಟಿ ಏರತೊಡಗಿದೊಡನೆ ಎಂಜಿನ್ ನಿಂತಿತು. ಅರ್ಧ ಗಂಟೆ ತಣಿದ ಮೇಲೆ ಹೊರಟು, ಎರಡು ತಿರುವು ಏರಿ ಮತ್ತೆ ನಿಂತಿತು.

ದೋಷ ಕಾಯಿಲಿನದು. ಬ್ಯಾಟರಿಯ 6 ವೋಲ್ಟನ್ನು ಸಾವಿರಾರು ವೋಲ್ಟಿಗೆ ಏರಿಸಿ ಪ್ಲಗ್ಗಿನಲ್ಲಿ ಕಿಡಿ ಹಾರಿಸುವುದು ಇದರ ಕೆಲಸ. ಕಬ್ಬಿಣದ ತಿರುಳಿನ ಸುತ್ತ ದಪ್ಪ ತಂತಿಯ ಕೆಲವು ನೂರು ಸುತ್ತು, ಕೂದಲೆಳೆಯಂಥ ತಂತಿಯ ಸಾವಿರಾರು ಸುತ್ತು. ಪದರಗಳ ನಡುವೆ ಕಾಗದ. ವಯಸ್ಸಾಗಿ ಕಾಗದ ಜೀರ್ಣವಾದರೆ, ಬಿಸಿಯೇರಿದಾಗ ಕಿಡಿ ಒಳಗೇ ಹಾರಿ ನಷ್ಟವಾಗುತ್ತದೆ. ತಯಾರಕರ ತಪ್ಪಲ್ಲ, ಕಾಲದ ಧರ್ಮ. ಈ ಗಾಡಿಯ ಕಾಯಿಲ್ ಡಿಸ್ಟ್ರಿಬ್ಯೂಟರಿನ ಮೇಲೆಯೇ ಕೂರುವಂಥದು. ಅಂಗಡಿಯ ದುಂಡು ಕಾಯಿಲ್ ಅಲ್ಲಿ ಹೊಂದದು.

ಗಾಡಿಯನ್ನು ತಿರುಗಿಸಿ ಕಂಬಕ್ಕೆ ಮರಳಿದೆವು. ಬಾವಿಯ ಪಂಪುಗಳ ಮೋಟಾರಿಗೆ ತಂತಿ ಸುತ್ತುವ ಅಂಗಡಿಯೊಂದರಲ್ಲಿ ತಮಿಳಿನಲ್ಲೇ ಕಷ್ಟ ಹೇಳಿಕೊಂಡೆವು. ವೃದ್ಧರು ಮೀಟರಿಟ್ಟು ನೋಡಿ, “ಬಾಪ್ಪ, ಇದನ್ನ ಹಿಡಿ” ಎಂದು ಮೊಮ್ಮಗನನ್ನು ಕರೆದರು. ಕನ್ನಡ! ಇಲ್ಲಿಯ ಕಪ್ಪಿಲಿಯರ ಮನೆಮಾತು ಕನ್ನಡವೆಂದು ತಿಳಿದಿದ್ದೆವು. ಕಿವಿಯಾರೆ ಕೇಳಿದ್ದು ಅಂದೇ.

“ಇಷ್ಟು ಸಣ್ಣ ಎಳೆ ನಮ್ಮ ಯಂತ್ರದಲ್ಲಿ ಸುತ್ತಕ್ಕಾಗದು ಸಾಮಿ. ಚಿಪ್ಪು ಉಳಿಸಿ ಒಳಗೆ ಹೊಸದಿಡೋಣ” ಎಂದರು ಅವರು. ತಾತನವರ ಗಾಡಿಯ ಜೀವವನ್ನೇ ಬದಲಿಸಿದಂತಾಗದೇ ಎಂದು ನಾವು ಅಳುಕಿದೆವು. “ಓಡದೆ ನಿಂತರೆ ಜೀವ ಎಲ್ಲಿ?” ಎಂದು ನಕ್ಕರು.

ಮಧುರೆಯಿಂದ 6 ವೋಲ್ಟಿನ ಕಾಯಿಲ್ ಬಂದಿತು. ಹಳೆಯ ಚಿಪ್ಪಿನೊಳಗಿನ ಡಾಂಬರಿನಂಥ ತುಂಬುವಸ್ತುವನ್ನು ಮೆಲ್ಲನೆ ಕಾಯಿಸಿ ತೆಗೆದರು. ಹೊಸದರ ಸುರುಳಿಯನ್ನು ಕೂರಿಸಿ ರಾಳ ಸುರಿದು ಮುಚ್ಚಿದರು. ನಾಲ್ಕನೆಯ ದಿನ ಗಾಡಿ ನಿಲ್ಲದೆ ಘಾಟಿ ಏರಿತು.

ಹೊರಡುವ ಮುನ್ನ ಆ ಹುಡುಗನನ್ನು ಕನ್ನಡದಲ್ಲಿ ಮಾತನಾಡಿಸಿದ್ದೆವು. ಎಲ್ಲವೂ ಅವನಿಗೆ ಅರ್ಥವಾಗುತ್ತಿತ್ತು, ಉತ್ತರಗಳೆಲ್ಲ ತಮಿಳಿನಲ್ಲಿ. ವೃದ್ಧರು ಕಿತ್ತ ಸುರುಳಿಯನ್ನು ಕಾಗದದಲ್ಲಿ ಕಟ್ಟಿ ನಮ್ಮ ಕೈಗಿತ್ತರು: “ಎಸೀಬೇಡಿ. ಸುತ್ತಬಲ್ಲೋರು ಮುಂದೆ ಸಿಕ್ಕಾರು.” ಗಡಿಯಾಚೆ ಬದುಕುವ ನಮ್ಮೆಲ್ಲರ ಮನೆಗಳಿಗೂ ಆ ಮಾತು ಸಲ್ಲುವುದೆಂದು ದಾರಿಯುದ್ದಕ್ಕೂ ನಮಗೆ ತೋರಿತು.